ಬೆಂಡಾದ ಎಲುಬು

ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ. ಹಿಮಾಯತ್‌ನಗರದ ಒಂದು ಆಫೀಸಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ‘ಸ್ಪಂಜಿ’ ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ನಾನು ಯೋಚಿಸಿದವಳೇ ಅಲ್ಲ.

ಕುಷಾಯಿಗೂಡದ ಮನೆಯ ಬಚ್ಚಲಲ್ಲಿ ಅವ್ವ ಜಾರಿ ಬಿದ್ದಳು. ಸೊಂಟದ ಎಲುಬಿಗೆ ಆಪರೇಷನ್ ಆಯಿತು. ಡಾಕ್ಟರು ಎಕ್ಸ್‌ರೇ ಹಿಡಿದು ಅರ್ಧ ಇಂಗ್ಲಿಷ್, ಅರ್ಧ ತೆಲುಗಿನಲ್ಲಿ ವಿವರಿಸಿದರು: ಎಲುಬಿನೊಳಗೆ ಸಣ್ಣ ಸಣ್ಣ ತೂತು ಬಿದ್ದು ಸ್ಪಂಜಿನಂತಾಗಿದೆ, ಗುಳಿಗೆ ನುಂಗಿ ದಿನಾ ನಡೆದರೆ ಅಲ್ಲಿಗೇ ತಡೆಯಬಹುದು, ಮಲಗಿಬಿಟ್ಟರೆ ಕಷ್ಟ. ತರಕಾರಿ ಕೊಳ್ಳುವಷ್ಟು ತೆಲುಗು ಅವ್ವನಿಗೆ ಬರುತ್ತಿತ್ತು, ಇಷ್ಟು ಬರುತ್ತಿರಲಿಲ್ಲ.

“ಏನಂತಾರ ಡಾಕ್ಟರ್ರು?”

ಒಂದು ಕ್ಷಣ ತಡಕಾಡಿದೆ. ಆಮೇಲೆ ಸರಿಯಾದ ಮಾತು ಸಿಕ್ಕಿತು; ಸಿಕ್ಕಿದ್ದಕ್ಕೆ ಹೆಮ್ಮೆಯೂ ಆಯಿತು.

“ಎಲುಬು ಬೆಂಡಾಗ್ಯಾವಂತ.”

ಅವ್ವ ತಲೆಯಾಡಿಸಿದಳು. ಗುಳಿಗೆ, ನಡಿಗೆ ಎಂದು ನಾನು ಮುಂದೆ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಬೆಂಡು ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂತೆಯಲ್ಲಿ ಮೂಲಂಗಿಗೆ ಉಗುರು ಚುಚ್ಚಿ ನೋಡದೆ ಚೀಲಕ್ಕೆ ಹಾಕಿದವಳಲ್ಲ. ಬೆಂಡಾದ ಮೂಲಂಗಿ ಮೇಲೆ ಬೆಳ್ಳಗೆ ಚೆಂದವಾಗಿಯೇ ಇರುತ್ತದೆ. ಒಳಗೆ ಹತ್ತಿಯ ಹಾಗೆ ಮೆತ್ತಗೆ, ರಸವಿಲ್ಲ, ರುಚಿಯಿಲ್ಲ. ಅಂಥದ್ದು ಅಪ್ಪಿತಪ್ಪಿ ಮನೆಗೆ ಬಂದರೆ ಓಣಿಯ ಎಮ್ಮೆಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದಳು.

ಎಲುಬು ಸವೆದಿವೆ ಅನ್ನಬಹುದಿತ್ತು. ಅಶಕ್ತವಾಗಿವೆ ಅನ್ನಬಹುದಿತ್ತು. ಟಾನಿಕ್ ಬೇಕಂತೆ ಎಂದಿದ್ದರೂ ಸಾಕಿತ್ತು. ದಿನವಿಡೀ ರೋಗದ ಮಾತುಗಳನ್ನೇ ಟೈಪ್ ಮಾಡಿ ಹೊಟ್ಟೆ ಹೊರೆಯುತ್ತಿದ್ದ ನನಗೆ ಅಷ್ಟು ಬುದ್ಧಿ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ, ಹಿಡಿದು ನಡೆಯಲೆಂದು ತಂದ ವಾಕರ್ ಮೂಲೆ ಸೇರಿತು. ಗುಳಿಗೆಗಳು ದಿಂಬಿನ ಕೆಳಗೆ ಸಿಕ್ಕವು. ಸಿಟ್ಟಿನಿಂದ ಕೂಗಾಡಿದೆ, ಕಡೆಗೆ ಅತ್ತುಬಿಟ್ಟೆ.

“ಬೆಂಡಾಗಿದ್ದು ಮತ್ತ ಗಟ್ಟಿ ಆಗತೈತೇನ? ಯಾಕ ನನ್ನ ಎಬ್ಬಸಾಕತ್ತಿ?” ಎಂದಳು ಅವ್ವ.

“ನಾ ತಪ್ಪು ಹೇಳೀನವಾ. ಒಂಚೂರು ಸವದಾವ, ಅಷ್ಟ.”

“ಈಗ್ಯಾಕ ಸುಳ್ಳು ಹೇಳ್ತಿ? ಅವತ್ತು ಖರೆ ಹೇಳಿದ್ದಿ.”

ಹಾಸಿಗೆ ಹಿಡಿದವಳು ಏಳಲಿಲ್ಲ. ಬೆನ್ನು ಹುಣ್ಣಾಯಿತು. ಚಳಿಗಾಲ ಕಳೆಯುವಷ್ಟರಲ್ಲಿ ಹೋಗಿಬಿಟ್ಟಳು. ನನಗೆ ಮಾತು ಬಂದಾಗಿನಿಂದ ನಾನು ಆಡಿದ್ದಕ್ಕೆಲ್ಲ ತಿರುಗಿ ಉತ್ತರ ಕೊಟ್ಟವಳು, ಎದುರಾಡದೆ ಒಪ್ಪಿದ್ದು ಬೆಂಡು ಎಂಬ ಅದೊಂದು ಮಾತನ್ನೇ.