ಮೇಷ್ಟ್ರ ಕೆಂಪು ಪಟ್ಟಿ

ವೆಬ್‌ಸೈಟುಗಳ ವಿನ್ಯಾಸ ಕಲಿಯುವುದಕ್ಕೆ ನಾನು ಹಿಡಿದ ದಾರಿ ಸುಲಭದ್ದು. ವಾರಕ್ಕೊಂದು ಸಣ್ಣ ವೆಬ್‌ಸೈಟು ಆರಿಸಿಕೊಳ್ಳಬೇಕು, ಅದರ ಒಂದು ಪುಟವನ್ನು ಹೊಸದಾಗಿ ಬಿಡಿಸಬೇಕು, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಇಂಟರ್‌ನೆಟ್‌ನಲ್ಲಿ ನಾಲ್ಕು ಜನಕ್ಕೆ ತೋರಿಸಬೇಕು. ಯಾರ ಅಪ್ಪಣೆಯೂ ಬೇಕಿಲ್ಲ. ತಾಳವಾಡಿಯ ನಮ್ಮ ಮನೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾವುದೋ ಊರಿನ ಲಾಡ್ಜು, ಯಾವುದೋ ಬೇಕರಿ, ಯಾವುದೋ ಕಲ್ಯಾಣ ಮಂಟಪದ ವೆಬ್‌ಸೈಟುಗಳನ್ನೆಲ್ಲ ಉದ್ಧಾರ ಮಾಡಿದ್ದೆ. ಅವರಿಗೆ ಅದು ಗೊತ್ತೇ ಇರಲಿಲ್ಲ.

ಏಳನೆಯದೋ ಎಂಟನೆಯದೋ ವಾರ, ಮೇಷ್ಟ್ರ ಪುಟಕ್ಕೆ ಕೈ ಹಾಕಿದೆ.

ಮೇಷ್ಟ್ರು ನನಗೆ ನಾಲ್ಕನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದವರು. ರಿಟೈರಾದ ಮೇಲೆ ತಾವೇ ಕೂತು ಕಂಪ್ಯೂಟರ್ ಕಲಿತು, ಬೆಟ್ಟದ ಊರುಗಳಿಗೆಂದು ಒಂದು ವೆಬ್‌ಪುಟ ಮಾಡಿದ್ದರು. ಕೋಸು, ಟೊಮೆಟೊ, ಬೆಳ್ಳುಳ್ಳಿಯ ಮಂಡಿ ರೇಟು. ದಿಂಬಂ ಘಾಟಿ ಇಳಿಯುವ ಬಸ್ಸುಗಳ ಹೊತ್ತು. ಎಲ್ಲಕ್ಕಿಂತ ಮೇಲೆ ಆನೆ ಸುದ್ದಿ. ಬೆಳಗಾದರೆ ಜೀರಹಳ್ಳಿ ಕಡೆಯಿಂದ ಒಬ್ಬರು, ತಾಳಮಲೆ ಕಡೆಯಿಂದ ಒಬ್ಬರು ಅವರಿಗೆ ಫೋನ್ ಮಾಡಿ ಆನೆ ಎಲ್ಲಿ ನಿಂತಿದೆ ಅಂತ ಹೇಳುತ್ತಿದ್ದರು. ಮೇಷ್ಟ್ರು ಅದನ್ನು ಪುಟದ ತಲೆಯ ಮೇಲೆ ಕೆಂಪು ಪಟ್ಟಿಯಲ್ಲಿ, ಬೆರಳುದ್ದದ ಅಕ್ಷರದಲ್ಲಿ ಹಾಕುತ್ತಿದ್ದರು. ಆನೆ ಇಲ್ಲದ ದಿನ ಪಟ್ಟಿಯೂ ಇರುತ್ತಿರಲಿಲ್ಲ. ಹಿಂದೆ ಅರಿಶಿನದ ಬಣ್ಣ, ಸುತ್ತ ದಾಸವಾಳದ ಅಂಚು. ಎಲ್ಲವೂ ಒಂದೇ ಉದ್ದ ಪುಟದಲ್ಲಿ, ಒಂದೂ ಬಟನ್ ಇಲ್ಲದೆ.

ನಾನು ಅದಕ್ಕೆ ತಿಳಿಹಸಿರು ಬಳಿದೆ. ಅಕ್ಷರ ತೆಳ್ಳಗೆ ಮಾಡಿದೆ. ಮೇಲೆ ಮಂಜು ಬಿದ್ದ ಕೋಸಿನ ಒಂದು ಚೆಂದದ ಫೋಟೋ, ಕೆಳಗೆ ಮೂರು ಬಟನ್. ಕೆಂಪು ಕಣ್ಣಿಗೆ ಚುಚ್ಚುತ್ತದೆ ಅಂತ ತೆಗೆದು, ಆನೆ ಸುದ್ದಿಯನ್ನು ಮೂರನೇ ಬಟನ್ನಿನ ಹಿಂದಕ್ಕೆ ತಳ್ಳಿದೆ. ಬಟನ್ನಿನ ಮೇಲೆ ‘ವನ್ಯಜೀವಿ ಮಾಹಿತಿ’ ಅಂತ ಬರೆದೆ. ಆನೆ ಅಂದರೆ ತೀರಾ ಹಳ್ಳಿ ಮಾತಾಯಿತು ಅನ್ನಿಸಿತ್ತು ನನಗೆ. ಹಳೆಯ ಪುಟದ ಚಿತ್ರದ ಕೆಳಗೆ, ‘ನೋಡುವ ಮೊದಲು ಕಣ್ಣಿಗೆ ಔಷಧಿ ಬಿಟ್ಟುಕೊಳ್ಳಿ’ ಅಂತ ಬರೆದು ಹಾಕಿದೆ. ಜನ ಬಿದ್ದು ಬಿದ್ದು ನಕ್ಕರು. ನಾನು ಸಂಜೆಯ ತನಕ ಆ ನಗುಗಳನ್ನು ಎಣಿಸುತ್ತಾ ಕೂತೆ. ಈ ಸಾಲನ್ನು ಬರೆಯುವಾಗಲೂ ಮೈ ಹಿಡಿಯಾಗುತ್ತದೆ.

ಮೂರು ದಿನ ಕಳೆದು ಮೇಷ್ಟ್ರೇ ಮನೆಗೆ ಬಂದರು. ಯಾರೋ ತೋರಿಸಿದ್ದರು. ನಾನು ಎದ್ದು ನಿಂತೆ.

“ಚೆಂದಾಗದೆ ಕಣಪ್ಪ,” ಅಂದರು. “ಔಷ್ದಿ ಮಾತು ಓದಿ ನಂಗೂ ನಗು ಬಂತು. ನೀನ್ ಮಾಡಿರದುನ್ನೇ ಆಕ್ಬುಡು. ನಮ್ಮ ಬೆಟ್ಟುದ್ ಜನುಕ್ಕೂ ಒಸ್ದು ಒಂದು ಇರ್ಲಿ.”

ಅವತ್ತೇ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಹೊಗಳಿದರಲ್ಲ, ಅಷ್ಟಕ್ಕೇ ಉಬ್ಬಿ, ಅವರ ಮನೆಗೆ ಹೋಗಿ ಹೊಸ ಪುಟವನ್ನು ಏರಿಸಿ ಬಂದೆ.

ತಿಂಗಳು ಕಳೆದಿರಬೇಕು, ನಮ್ಮ ಸೋದರತ್ತೆ ಬಿದ್ದು ಬಲಗೈ ಮುರಿದುಕೊಂಡಳು ಅಂತ ಸುದ್ದಿ ಬಂತು. ಅವಳ ಊರು ತಾಳಮಲೆ ದಾಟಿ ಕಾಡಿನೊಳಗೆ. ಅಲ್ಲಿ ಮನೆಗಳಿಗೆ ಟವರ್ ಸಿಗುವುದಿಲ್ಲ. ಊರಾಚೆಯ ದಿಬ್ಬ ಹತ್ತಿದರೆ ಸಿಗುತ್ತದೆ. ಬೆಳಿಗ್ಗೆ ಸಗಣಿ ಎತ್ತಿದ ಮೇಲೆ ಯಾರಾದರೊಬ್ಬರು ದಿಬ್ಬ ಹತ್ತಿ, ಮೇಷ್ಟ್ರ ಪುಟ ತೆರೆದು, ಹಾಗೇ ತೆರೆದ ಫೋನನ್ನು ಜೇಬಿಗೋ ಮಡಿಲಿಗೋ ಹಾಕಿಕೊಂಡು ಇಳಿಯುತ್ತಾರೆ. ಆಮೇಲೆ ಅದು ಅಕ್ಕಪಕ್ಕದ ನಾಲ್ಕು ಮನೆ ಸುತ್ತುತ್ತದೆ. ಅತ್ತೆ ಕಲಿತದ್ದು ನಾಲ್ಕನೇ ಕ್ಲಾಸು; ದಪ್ಪ ಅಕ್ಷರವಾದರೆ ಕೂಡಿಸಿ ಓದುತ್ತಾಳೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಊರು. ಬಿಡಿಸುವಾಗ ಒಂದು ಸಲವೂ ನೆನಪಾಗಲಿಲ್ಲ.

ಹೋದಾಗ ಅತ್ತೆ ಕೈಗೆ ಬಿಳಿ ಸಿಮೆಂಟಿನ ಕಟ್ಟು ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು.

“ಕೆಂಪು ಇರ್ನಿಲ್ಲ ಕಣ್ಲಾ. ಸರಿ, ಆನೆ ಇಲ್ಲ ಅಂತ ದನ ಒಡ್ಕಂಡು ಕೆರೆ ತಾವ್ಕೆ ಓದೆ. ಬಿದುರ್ ಮೆಳೆ ಇಂದ್ಗಡೆ ನಿಂತಿತ್ತು ಒಂಟಿ ಸಲಗ. ಓಡ್ದೆ, ಬಿದ್ದೆ. ಶಿವ ದೊಡ್ಡವ್ನು, ಕೈಯಲ್ಲೇ ಓಯ್ತು.” ಆಮೇಲೆ ನಿಟ್ಟುಸಿರು ಬಿಟ್ಟಳು. “ಮೇಷ್ಟ್ರುಗೆ ವಯಸ್ಸಾಯ್ತು. ಮರ್ತುಬುಟ್ಟವ್ರೆ. ಇನ್ ಅವ್ರ್ ಮಾತ್ ನಂಬ್ಕಂಡು ಕಾಡಿಗ್ ಓಗಂಗಿಲ್ಲ ಅಂತ ಎಲ್ಲಾರ್ಗೂ ಏಳ್ಬುಟ್ಟೆ.”

ಅವಳ ಫೋನು ತೆಗೆದುಕೊಂಡು ನೋಡಿದೆ. ಕೋಸಿನ ಫೋಟೋ ಕಾಣಿಸಿತು. ಮೂರನೇ ಬಟನ್ ಒತ್ತಿದೆ. ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಟವರ್ ಇಲ್ಲದ ಮನೆಯಲ್ಲಿ ಅದು ತೆರೆದುಕೊಳ್ಳುವುದು ಹೇಗೆ? ಮೇಷ್ಟ್ರು ಎಲ್ಲವನ್ನೂ ಒಂದೇ ಪುಟದಲ್ಲಿ ತುಂಬಿದ್ದು ಯಾಕೆ ಅಂತ ಆಗ ತಿಳಿಯಿತು.

ನನ್ನ ತಪ್ಪು ಅಂತ ಹೇಳಲಿಲ್ಲ. ಅತ್ತೆ ಕೊಟ್ಟ ಕಾಫಿ ಕುಡಿದು, “ಉಷಾರು ಅತ್ತೆ” ಅಂದು, ಬಸ್ಸು ಹತ್ತಿದೆ. ನಾಚಿಕೆಗೆಟ್ಟವನು ಅನ್ನುವುದು ಇಂಥವನಿಗೇ.

ಬಸ್ಸು ಇಳಿದವನು ಮೇಷ್ಟ್ರ ಮನೆಗೆ ಹೋದೆ. ಅವರು ಕಂಪ್ಯೂಟರಿನಲ್ಲಿ ಅತ್ತೆ ಬಿದ್ದ ದಿನದ್ದನ್ನು ತೆಗೆದು ತೋರಿಸಿದರು. ‘ಕೆರೆ ಹತ್ತಿರ ಒಂಟಿ ಸಲಗ. ಯಾರೂ ಹೋಗಬೇಡಿ.’ ಬೆಳಿಗ್ಗೆ ಆರೂವರೆಗೇ ಬರೆದಿದ್ದರು.

“ಅತ್ತೆಗೆ ಹೇಳಲಿಲ್ವಾ ಸಾ, ಬರೆದಿದ್ದೆ ಅಂತ?”

“ಅವುಳ್ ಮಗ ಕೇಳ್ದ. ಮರ್ತೋಯ್ತು ಕಣಪ್ಪ ಅಂದೆ.” ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. “ನೀನು ಈಗ್ತಾನೆ ಕೆಲ್ಸ ಕಲೀತಿದ್ದೀಯೆ. ಸುರುವಾತ್ನಲ್ಲೇ ನಿಂಗೆ ಕೆಟ್ಟೆಸ್ರು ಯಾಕೆ? ನಂದು ಎಂಗೋ ನಡೀತದೆ.”

ಇಪ್ಪತ್ತು ಊರಿನ ಜನ ಅವರ ಒಂದು ಸಾಲನ್ನು ನಂಬಿ ಕಾಡಿಗೆ ಕಾಲಿಡುತ್ತಿದ್ದರು. ಆ ನಂಬಿಕೆಯನ್ನು ಅವರು ನನಗೋಸ್ಕರ ಬಿಟ್ಟುಕೊಟ್ಟಿದ್ದರು. ನನಗೆ ಅಲ್ಲೇ ಅಳು ಬಂತು. ಹಳೆಯ ಪುಟವನ್ನು ಅವರು ಅಳಿಸಿರಲಿಲ್ಲ. ಅರ್ಧ ಗಂಟೆಯಲ್ಲಿ ಅದನ್ನೇ ಮತ್ತೆ ಏರಿಸಿದೆ. ದಾಸವಾಳದ ಒಂದು ಎಸಳನ್ನೂ ಮುಟ್ಟಲಿಲ್ಲ.

ಮಾರನೆಯ ದಿನ ಅತ್ತೆಯ ಊರಿಗೆ ಮತ್ತೆ ಹೋಗಿ ಎಲ್ಲವನ್ನೂ ಹೇಳಿದೆ, ಔಷಧಿಯ ಮಾತನ್ನೂ ಸೇರಿಸಿ. ಅವಳು ನನಗೆ ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅತ್ತೆ ಎದ್ದು ಸೆರಗು ಸರಿಮಾಡಿಕೊಂಡಳು.

“ನಡಿ ದಿಬ್ಬುಕ್ಕೆ. ಮೇಷ್ಟ್ರುಗೆ ಪೋನ್ ಆಕ್ಕೊಡು.”

ದಾರಿಯಲ್ಲಿ ಸಿಕ್ಕ ಇಬ್ಬರು ಹೆಂಗಸರನ್ನೂ ಅವಳು ಜೊತೆಗೆ ಕರೆದಳು. ಮೇಷ್ಟ್ರು ಮರೆತರು ಅಂತ ಆ ಹೆಂಗಸರ ಮುಂದೆಯೇ ಹೇಳಿದ್ದಳಂತೆ. ಇದನ್ನೂ ಅವರು ಕೇಳಲಿ ಅಂತ. ದಿಬ್ಬದ ಮೇಲೆ, ಅವಳ ಮುರಿದ ಕೈ ಕಡೆ ನಿಂತು, ನಾನು ಫೋನನ್ನು ಅವಳ ಕಿವಿಗೆ ಹಿಡಿದೆ.

“ಮೇಷ್ಟ್ರೇ, ನಂದು ತಪ್ಪಾಯ್ತು. ನಿಮ್ಮುನ್ನ ಇಲ್ಲುದ್ ಮಾತಾಡ್ಬುಟ್ಟೆ. ನೀವು ಬರ್ದಿದ್ರಿ. ಕೆಡ್ಸುದ್ದು ನಮ್ಮನೆ ಐದ, ಇವ್ನೇ. ಒಟ್ಟೇಗ್ ಆಕ್ಕಳಿ.”

ಆ ಕಡೆಯಿಂದ ಮೇಷ್ಟ್ರು ಏನೋ ಹೇಳುತ್ತಿದ್ದರು, ‘ಐದುನ್ನ ಬೈಬ್ಯಾಡಿ’ ಅನ್ನುವಷ್ಟು ನನಗೂ ಕೇಳಿಸಿತು. ಅದನ್ನೇ ಕೇಳುತ್ತಾ ನಿಂತವನಿಗೆ ಫೋನು ಅವಳ ಕಿವಿಯಿಂದ ಜಾರಿದ್ದು ಗೊತ್ತಾಗಲಿಲ್ಲ.

“ನೆಟ್ಟುಗ್ ಇಡ್ಕಳ್ಲಾ,” ಅಂದಳು ಅತ್ತೆ, ನನ್ನ ಮುಖ ನೋಡದೆ. “ಅವ್ರ್ ಮಾತು ಕೇಳುಸ್ತಿಲ್ಲ.”