ಬಸ್ಸಿನ ಬೋರ್ಡು ಓದಿಸಿದ ಟೀಚರ್

ಟೀಚರ ಕನ್ನಡಕದ ಒಂದು ಕಾಲು ಮುರಿದಿತ್ತು. ಅದನ್ನು ಬೀಡಿ ಕಟ್ಟುವ ನೂಲಿನಿಂದ ಸುತ್ತಿ ಬಿಗಿದುಕೊಂಡಿದ್ದರು. ಬೆಳ್ಮಣ್ ಹತ್ತಿರದ ನಮ್ಮ ಶಾಲೆಗೆ ಅವರು ಗೌರವ ಶಿಕ್ಷಕಿ. ಗೌರವ ಅಂದರೆ ಸರಕಾರದ ಸಂಬಳ ಇಲ್ಲ ಅಂತ ಅರ್ಥ. ಓದಲು ಬಾರದ ಮಕ್ಕಳಿಗೆಂದೇ ಹಳೆ ವಿದ್ಯಾರ್ಥಿಗಳು ಗಲ್ಫಿನಿಂದ ಕಳಿಸುತ್ತಿದ್ದ ಹಣದಲ್ಲಿ ಅವರಿಗೆ ಏನೋ ಚೂರುಪಾರು ಸಿಗುತ್ತಿತ್ತು.

ಓದಲು ಬಾರದವರಲ್ಲಿ ನಾನೂ ಒಬ್ಬಳು. ಐದನೇ ಕ್ಲಾಸು. ಮನೆಯಲ್ಲಿ ತುಳು, ಅಮ್ಮ ಬೀಡಿ ಕಟ್ಟುವವಳು, ಪುಸ್ತಕದ ಕನ್ನಡ ತಲೆಗೆ ಹತ್ತುತ್ತಿರಲಿಲ್ಲ. ಟೀಚರ್ ಪುಸ್ತಕ ಮುಚ್ಚಿಸಿ ನಮ್ಮನ್ನು ಬಸ್‌ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಬಸ್ಸು ಹೊರಡುವುದರೊಳಗೆ ಅದರ ಬೋರ್ಡು ಓದಬೇಕು. ತಪ್ಪಿದರೆ ಬೈಗುಳ ಇಲ್ಲ. "ಪರವಾಗಿಲ್ಲ ಮಾರಾಯ್ತಿ, ಇನ್ನೊಂದು ಬಸ್ಸು ಬರ್ತದೆ" ಎನ್ನುತ್ತಿದ್ದರು. ನಾನು ಮೊದಲು ಓದಿದ್ದು 'ಪಡುಬಿದ್ರಿ'. 'ಪಡುಬಿ' ಎನ್ನುವಷ್ಟರಲ್ಲಿ ಬಸ್ಸು ಹೊರಟಿತು. ಹಿಂದೆಯೇ ಓಡಿ 'ದ್ರಿ' ಎಂದು ಕೂಗಿದೆ. ಹತ್ತುವವಳೆಂದು ಕಂಡಕ್ಟರ್ ಬಸ್ಸು ನಿಲ್ಲಿಸಿ, ಹತ್ತದಿದ್ದಾಗ ಚೆನ್ನಾಗಿ ಬೈದ. ಟೀಚರ್ ನಕ್ಕು ನಕ್ಕು ರಸ್ತೆ ಬದಿಯಲ್ಲೇ ಕೂತುಬಿಟ್ಟರು.

ನನ್ನ ತಂಗಿ ಆ ಗುಂಪಿಗೆ ಸೇರಿದ ವರ್ಷ ಶಾಲೆಯ ಸಮಿತಿಯವರಿಗೆ ಸ್ಮಾರ್ಟ್ ಕ್ಲಾಸಿನ ಹುಚ್ಚು ಹಿಡಿಯಿತು. ಓದಲು ಬಾರದ ಮಕ್ಕಳಿಗೆಂದು ಬರುತ್ತಿದ್ದ ಹಣವನ್ನೇ ಎತ್ತಿ ಗೋಡೆಗೆ ದೊಡ್ಡ ಟಿವಿ ಹಾಕಿದರು. ಉದ್ಘಾಟನೆ, ಶಾಲು, ಫೋಟೋ, ಎಂತ ಗಮ್ಮತ್ತು! ಟೀಚರಿಗೆ ನಾಳೆಯಿಂದ ಬರುವುದು ಬೇಡ ಎಂದರು. ಅವರು ನೇರ ಪೋಷಕರ ಮೀಟಿಂಗಿಗೇ ನುಗ್ಗಿದರು. ಅಲ್ಲಿ ಕೂತಿದ್ದ ಅಮ್ಮ ಮನೆಗೆ ಬಂದು ಹೇಳಿದಂತೆ, ಟೀಚರ್ ಅಂದದ್ದು ಇದು: "ಮಗುವಿಗೆ ಗೊತ್ತಾಗ್ಲಿಲ್ಲ ಅಂತ ಟಿವಿಗೆ ಕಾಣ್ತದಾ? ನನ್ನ ಸಂಬಳ ನಿಲ್ಲಿಸಿ, ಪಾಠ ನಿಲ್ಲಿಸ್ಬೇಡಿ." ಹೊರಗಿನವರು ಶಾಲೆಯೊಳಗೆ ಬರುವಂತಿಲ್ಲ ಎಂದುಬಿಟ್ಟರಂತೆ ಸಮಿತಿಯವರು. ಥೂ! ಮಾನ ಮರ್ಯಾದೆ ಇಲ್ಲದವರು.

ಟಿವಿಗೆ ಧೂಳು ಕೂರಬಾರದೆಂದು ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದರು. ಅತಿಥಿಗಳು ಬಂದಾಗ ಮಾತ್ರ ತೆಗೆಯುವುದು. ತಂಗಿಗೆ ನಾನೇ ಕಲಿಸಲು ಹೋದೆ. ಟೀಚರ ತಾಳ್ಮೆ ನನಗೆಲ್ಲಿಂದ ಬರಬೇಕು? ಸಿಟ್ಟಿನಲ್ಲಿ ಎರಡು ಬಾರಿಸಿದೆ, ಅವಳು ಮತ್ತೆ ಪುಸ್ತಕ ಮುಟ್ಟಲಿಲ್ಲ. ಅಕ್ಷರ ಕೂಡಿಸಲು ಬಾರದೆಯೇ ಏಳನೇ ಪಾಸಾದಳು, ಎಂಟಕ್ಕೆ ಹೋಗುವುದಿಲ್ಲ ಎಂದು ಮನೆಯಲ್ಲಿ ಕೂತಳು. ಈಗ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ, ದಿನಾ ಯಾರನ್ನೋ ಕೇಳಿ ಬಸ್ಸು ಹತ್ತುತ್ತಾಳೆ. ನಾನು ಮಣಿಪಾಲದಲ್ಲಿ ನರ್ಸು. ಒಂದೇ ಮನೆ, ಒಂದೇ ಶಾಲೆ.

ಹೋದ ತಿಂಗಳು ಟೀಚರ್ ತೀರಿಕೊಂಡರು. ಮಣ್ಣು ಮಾಡುವ ದಿನ ನಾವಿಬ್ಬರೂ ಅವರ ಇಗರ್ಜಿಗೆ, ಅದೇ ಚರ್ಚಿಗೆ, ಹೋದೆವು. ಗೇಟಿನಲ್ಲಿ ಅದೇ ಸಮಿತಿಯವರು ಕಟ್ಟಿಸಿದ ಫ್ಲೆಕ್ಸ್. ಮೇಲೆ ಟೀಚರ್, ನೂಲು ಸುತ್ತಿದ ಅದೇ ಕನ್ನಡಕ. ಕೆಳಗೆ ಅಧ್ಯಕ್ಷರ ನಗುವ ಫೋಟೋ. ನಡುವೆ 'ಬಡಮಕ್ಕಳಿಗೆ ಅಕ್ಷರ ಕೊಟ್ಟ ತಾಯಿ' ಎಂದು ಬರೆಸಿದ್ದರು.

ತಂಗಿ ತುಂಬ ಹೊತ್ತು ಅದನ್ನೇ ನೋಡಿದಳು. ಮತ್ತೆ ಮೆಲ್ಲನೆ ಕೇಳಿದಳು: "ಅಕ್ಕಾ, ಟೀಚರ ಬಗ್ಗೆ ಎಂತ ಬರೆದಿದ್ದಾರೆ?"

ಅಧ್ಯಕ್ಷರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ನಾನು ಅವರ ಕಡೆ ತಿರುಗಿದೆ.

"ನೀವೇ ಓದಿ ಹೇಳಿ ಸರ್. ಇವಳು ನಿಮ್ಮ ಶಾಲೆಯಲ್ಲೇ ಕಲಿತದ್ದು, ಓದಲಿಕ್ಕೆ ಬರುವುದಿಲ್ಲ."