ದಾಕ್ಷಾಯಣಮ್ಮ ಟೈಪು ಮಾಡಿದ ಮೂವರು ಮಾರಣ್ಣರು

ಗಂಡ ತೀರಿಕೊಂಡಾಗ ಎಲ್ಲರೂ ಹೊಲಿಗೆ ಕಲಿ ಎಂದರು. ದಾಕ್ಷಾಯಣಮ್ಮ ಟೈಪಿಂಗ್ ಕಲಿತರು. ಹೂವಿನಹಡಗಲಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತು ವರ್ಷ ಅರ್ಜಿ, ಕರಾರುಪತ್ರ ಹೊಡೆದರು. ತಪ್ಪು ಕಂಡರೆ, ಬರೆದವರು ಎಷ್ಟೇ ದೊಡ್ಡವರಾದರೂ, ಕೇಳದೆ ಮುಂದೆ ಹೋಗುತ್ತಿರಲಿಲ್ಲ.

೧೯೯೬ರಲ್ಲಿ ಇತಿಹಾಸದ ಮೇಷ್ಟ್ರು ವೀರಭದ್ರಯ್ಯ ತಮ್ಮ ಪಿಎಚ್.ಡಿ. ಪ್ರಬಂಧ ತಂದುಕೊಟ್ಟರು. ಮುನ್ನೂರು ಪುಟ ಸರಾಗವಾಗಿ ಹೋಯಿತು. ಸಿಕ್ಕಿಕೊಂಡಿದ್ದು ಕೊನೆಯ ಆಕರ ಗ್ರಂಥಗಳ ಪಟ್ಟಿಯಲ್ಲಿ, ಅದೂ ಒಂದೇ ಪುಸ್ತಕದಿಂದ. ಅಚ್ಚಾಗಿ ನೂರು ವರ್ಷ ದಾಟಿದ ಆ ಸೀಮೆಯ ಚರಿತ್ರೆ ಅದು. ಮೊದಲ ಪುಟದಲ್ಲಿ ಶೀರ್ಷಿಕೆಯ ಕೆಳಗೆ, ‘ಪಾರ್ಥಿವ ಸಂವತ್ಸರದಲ್ಲಿ ಹೊಳಲು ಗುರುಸಂಗಪ್ಪನ ಮಗ ಮಾರಣ್ಣನು ಬರೆದುದು’ ಎಂದಷ್ಟೇ ಇತ್ತು.

ಮಾರ್ಗದರ್ಶಕರು ಅಡ್ಡಹೆಸರು ಮುಂದೆ ಬರಬೇಕು ಎಂದರು. ಮೇಷ್ಟ್ರು ಊರನ್ನೇ ಅಡ್ಡಹೆಸರು ಮಾಡಿ ‘ಹೊಳಲು, ಮಾರಣ್ಣ’ ಎಂದು ಬರೆಸಿದರು. ತಿಂಗಳಾದ ಮೇಲೆ ಪದ್ಧತಿ ಬದಲಾಯಿತು. ಹೆಸರಿನ ಬೆನ್ನಿಗೇ ಕಂಸದಲ್ಲಿ ಇಸವಿ ಬೇಕಂತೆ. ಈ ಸಲ ಅಪ್ಪನೇ ಅಡ್ಡಹೆಸರಾಗಿ ‘ಗುರುಸಂಗಪ್ಪ, ಮಾ. (೧೮೮೫)’ ಆಯಿತು. ಅಷ್ಟರಲ್ಲಿ ಮಾರ್ಗದರ್ಶಕರು ನಿವೃತ್ತರಾದರು. ಹೊಸಬರಿಗೆ ಅಡ್ಡಹೆಸರೇ ಬೇಡ, ಬರೀ ‘ಮಾರಣ್ಣ’ ಸಾಕು, ಇಸವಿ ಕೊನೆಗಿರಲಿ. ಸಂವತ್ಸರ ಮುಂದಿನ ವರ್ಷಕ್ಕೂ ಚಾಚಿರುವುದರಿಂದ ಅದು ೧೮೮೬ ಆಗಲಿ. ಪ್ರತಿ ಸಲವೂ ಹನ್ನೆರಡು ಹಾಳೆಯ ಪಟ್ಟಿ ಮೊದಲಿನಿಂದ.

“ಪಾಪ, ತೊಟ್ಲಾಗ ಒಂದ ಹೆಸರು ಇಟ್ಟಿದ್ರು ಆತಗ. ನೀವು ಮೂರು ಇಟ್ರಿ ನೋಡ್ರಿ” ಎಂದರು ದಾಕ್ಷಾಯಣಮ್ಮ.

ಬೈಂಡಿಂಗಿಗೆ ಒಯ್ಯುವ ಅವಸರದಲ್ಲಿ ಮೇಷ್ಟ್ರು ಮೂರೂ ಪಟ್ಟಿಯ ಹಾಳೆಗಳನ್ನು ಬೆರೆಸಿಬಿಟ್ಟರು. ‘ಗ’ ಅಕ್ಷರದ ಹಾಳೆ ಎರಡನೆಯ ಪಟ್ಟಿಯದು, ‘ಮ’ ಮೂರನೆಯದರದು, ‘ಹ’ ಮೊದಲನೆಯದರದು. ಪರೀಕ್ಷಕರಿಂದ ಹೊಗಳಿಕೆಯ ಪತ್ರ ಬಂತು. ಒಂದೇ ಸೀಮೆಯ ಬಗ್ಗೆ ಮೂವರು ಹಳೆಯ ಲೇಖಕರನ್ನು ಹುಡುಕಿದ್ದು ದೊಡ್ಡ ಕೆಲಸ, ಮೂವರೂ ಒಂದೇ ಶೀರ್ಷಿಕೆ ಇಟ್ಟಿರುವುದು ಸೋಜಿಗ, ಮೌಖಿಕ ಪರೀಕ್ಷೆಗೆ ಮೂರೂ ಪುಸ್ತಕ ತನ್ನಿ ಎಂದಿತ್ತು.

ಮೇಷ್ಟ್ರು ಬೆವರುತ್ತಾ ಬಂದು, ಎರಡು ಪುಸ್ತಕ ಗೆದ್ದಲು ತಿಂದವು ಎಂದು ಪತ್ರ ಹೊಡೆದುಕೊಡಲು ಕೇಳಿದರು. ದಾಕ್ಷಾಯಣಮ್ಮ ಯಂತ್ರದಿಂದ ಕೈ ತೆಗೆದರು.

“ಗೆದ್ಲಿನ ಮ್ಯಾಲ ಯಾಕ ಹಾಕ್ತೀರಿ ಸರ? ಮಾರಣ್ಣ ಒಬ್ಬನ ಅದಾನ, ಪುಸ್ತಕಾನೂ ಒಂದ ಐತಿ ಅಂತ ಹೇಳ್ರಿ, ಹೊಡಿತೀನಿ.”

ಮೇಷ್ಟ್ರು ಬೆಂಚಿನ ಮೇಲೆ ಕೂತರು. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿ ಪತ್ರ ಹೊಡೆಸಿದರು.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಆ ಪತ್ರವನ್ನು ಎಲ್ಲರೆದುರು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಪದವಿಗೇನೂ ಅಡ್ಡಿಯಾಗಲಿಲ್ಲ. ಹೊರಡುವಾಗ ಅವರು ಟೈಪು ಮಾಡಿದವರ ವಿಳಾಸ ಬರೆದುಕೊಂಡರಂತೆ. ಏಳುನೂರು ಆಕರಗಳಿರುವ ಅವರದೇ ಗ್ರಂಥವೊಂದು ಟೈಪಾಗಬೇಕಿತ್ತು.

ಅವರು ಕೇಳಿ ಕಳಿಸಿದಾಗ ದಾಕ್ಷಾಯಣಮ್ಮ ಕಾರ್ಡು ಬರೆದರು: ಮೊದಲು ಯಾವುದಾದರೂ ಒಂದು ಪದ್ಧತಿ ಗಟ್ಟಿ ಮಾಡಿ, ಸಹಿ ಹಾಕಿ ಕಳಿಸಿರಿ. ಹಾಳೆಗಳ ಕಟ್ಟು ಬರಲು ಎರಡು ವರ್ಷ ಹಿಡಿಯಿತು.